ಸಾಹೇಬನ ಮುಂದ ಆರಾಮ ಅನ್ನಬ್ಯಾಡ

ತಮ್ಮಾ ಕಳಕಪ್ಪ,

ನೀ ಏಳೂದರಾಗ ನಾ ನರೇಗಲ್ಲ ಸಂತಿಗೆ ಹೊಂಟಿರ್ತೀನಿ. ಕಾಶೀಂಸಾಬ ಗಾಡಿ ಹೂಡಿಕೊಂಡು ಬಂದು ನಿನ್ನ ರೋಣದ ಕಚೇರಿಗೆ ಮುಟ್ಟಸ್ತಾನ. ಪಿಂಚಣಿ ಅರ್ಜಿ, ಪಲ್ಟಣದವರು ಕೊಟ್ಟ ಕಾಗದ ಎರಡೂ ಅರಿವ್ಯಾಗ ಕಟ್ಟಿ ಗೂಡಿನ್ಯಾಗ ಇಟ್ಟೀನಿ. ಬುತ್ತಿ ನಿಮ್ಮ ವೈನಿ ಕಟ್ಟಿಕೊಡ್ತಾಳ, ಮರೀಬ್ಯಾಡ.

ಹ್ವಾದ ವರ್ಷ ಮಾಡಿದ್ದನ್ನ ಮತ್ತ ಮಾಡಬ್ಯಾಡ. ಹ್ಯಾಂಗ ಅದಿ ಅಂತ ಡಾಕ್ಟರ ಸಾಹೇಬ ಕೇಳಿದರ, ಬೀಗರು ಕೇಳಿದಂಗ ‘ನಿಮ್ಮ ದಯಾದಿಂದ ಆರಾಮ ಅದೀನ್ರಿ’ ಅಂದಿ. ಮ್ಯಾಲೆ ನೆಟ್ಟಗ ನಿಂತು ಸಲಾಮು ಬ್ಯಾರೆ ಹೊಡದಿ. ಧೋತರದೊಳಗ ಮರದ ಕಾಲು ಐತಿ ಅಂತ ಅಂವಗ ಹ್ಯಾಂಗ ತಿಳೀಬೇಕು? ಆರಾಮ ಇದ್ದಾಂವಗ ಪಿಂಚಣಿ ಯಾಕಂತ ಅರ್ಜಿ ತಿರುಗಿ ಕೊಟ್ಟ. ಒಂದು ವರ್ಷ ಸುಮ್ಮನ ಹೋತು.

ಈ ಸಲ ಧೋತರ ಮೊಣಕಾಲ ಮ್ಯಾಗ ಎತ್ತಿ ತೋರಿಸು. ಮುಲ್ತಾನದ ಲಡಾಯಿಯಾಗ ಕಾಲು ಹೋತು, ಕೂರಿಗಿ ಹಿಂದ ನಡಿಯಾಕ ಆಗಂಗಿಲ್ಲ ಅಂತ ಬಾಯಿಬಿಟ್ಟು ಹೇಳು. ಅದು ಭಿಕ್ಷಾ ಬೇಡೂದಲ್ಲ, ನಿನ್ನ ಹಕ್ಕು. ಅಣ್ಣಗ ಭಾರ ಆಗಬಾರದಂತ ನೀ ದಿನಾ ಒಂದು ರೊಟ್ಟಿ ಕಡಿಮಿ ಉಣ್ಣೂದು ನನಗ ಕಾಣಂಗಿಲ್ಲ ಅಂದ್ಕೊಂಡಿಯೇನು?

ಸಾಹೇಬ ಚಲೋ ಮನಷ್ಯಾ ಅಂತಾರ. ಕಣ್ಣಾರೆ ನೋಡಿದರ ಇಲ್ಲ ಅನ್ನಂಗಿಲ್ಲ.

ಸಂಜಿಕ ನೀ ಬಂದಾಗ ಅವ್ವ ಬಾಗಿಲದಾಗ ನಿಂತು ಹ್ಯಾಂಗ ಅದೀಯೋ ಅಂತ ಕೇಳೇ ಕೇಳ್ತಾಳ. ಆರಾಮ ಅದೀನಿ ಅನ್ನೂ ಮಾತು ಅಕೀಗಂತ ಉಳಿಸಿಕೊ.

ನಿಮ್ಮಣ್ಣ ಗುರುಸಂಗಪ್ಪ