ನೀವು ಮಾಡಿಟ್ಟ ಇನ್ನೊಂದು ಮನೆ

ಮನೆಯಿಂದ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ನೀರಿನ ಮೇಲಿರುವ ನನ್ನ ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟ ನೋವು ಹೇಗಿದೆ? ಎಂಜಿನ್ ರೂಮಿನಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡಿ, ಫೋನಿನಲ್ಲಿ ಮಾತ್ರ ‘ಏನಿಲ್ಲ, ಚೆನ್ನಾಗಿದೀನಿ’ ಅನ್ನುತ್ತೀರಿ. ನಿಮ್ಮ ಆ ‘ಏನಿಲ್ಲ’ದ ಅರ್ಥ ನನಗೆ ಗೊತ್ತಿಲ್ಲದ್ದೇನಲ್ಲ. ಮುಲಾಮು ನಿಮ್ಮ ಪೆಟ್ಟಿಗೆಯ ಬಲಮೂಲೆಯಲ್ಲಿ, ಬೂದುಬಣ್ಣದ ಕಾಲುಚೀಲದೊಳಗಿದೆ, ಹಚ್ಚಿಕೊಳ್ಳಿ. ನಾನು ಇಲ್ಲಿ ಆರಾಮಾಗಿದ್ದೇನೆ, ಅಂದರೆ ಮೈಗೆ ಏನೂ ಆಗಿಲ್ಲ. ಫೋನಿನಲ್ಲಿ ನಮ್ಮ ಮಾತು ‘ಊಟ ಆಯ್ತಾ’ ದಾಟಿ ಆಚೆ ಹೋಗುವಷ್ಟರಲ್ಲಿ ಕಟ್ ಆಗಿರುತ್ತದೆ. ಅದಕ್ಕೇ ಕಂಪನಿ ಆಫೀಸಿನವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಮುಂದಿನ ಬಂದರಿನಲ್ಲಿ ನಿಮ್ಮ ಕೈಸೇರುತ್ತದಂತೆ. ಕೂತುಕೊಂಡು ಓದಿ, ನಿಂತು ಓದುವಂಥದ್ದಲ್ಲ.

ಹೋಟೆಲಿನಲ್ಲಿ ಎಲ್ಲ ಹಾಗೇ ಇದೆ. ನಮ್ಮ ಬಟ್ಟೆ ಕೋಣೆಯ ಇಸ್ತ್ರಿ ಯಂತ್ರ ಮತ್ತೆ ಕೈಕೊಟ್ಟು, ಒಂದು ವಾರ ದಿಂಬಿನ ಕವರುಗಳನ್ನೆಲ್ಲ ಕೈಯಲ್ಲೇ ತೀಡಿದೆವು. ದೊಡ್ಡ ಬೆಡ್‌ಶೀಟುಗಳನ್ನು ಮಡಚಲು ಅಲ್ಲಿ ಇಬ್ಬರಿರುತ್ತೇವೆ. ಆ ತುದಿ ಒಬ್ಬಳು, ಈ ತುದಿ ಒಬ್ಬಳು, ಎರಡೆರಡು ಹೆಜ್ಜೆ ಮುಂದೆ ಬಂದರೆ ಮುಗಿಯಿತು. ಮನೆಯಲ್ಲಿ ಮಾತ್ರ ಒಂದು ತುದಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮಡಚುತ್ತೇನೆ. ನೀವು ಒಪ್ಪಂದವನ್ನು ಒಂದು ಸಲ ಮುಂದುವರಿಸಿದಿರಿ, ಎರಡನೇ ಸಲವೂ ಮುಂದುವರಿಸಿದಿರಿ. ಒಂದೂವರೆ ವರ್ಷದಿಂದ ಆ ಬಾಗಿಲೇ ನನ್ನ ಜೊತೆಗಾರ. ದೂರು ಹೇಳುತ್ತಿಲ್ಲ, ಸುಮ್ಮನೆ ಬರೆದೆ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಇನ್ನೊಂದು ಮನೆ ಮಾಡಿಟ್ಟಿರುವುದು ನನಗೆ ಗೊತ್ತಾಗಿದೆ. ಗಾಬರಿಯಾಗಬೇಡಿ, ಕಂಪ್ಯೂಟರಿನಲ್ಲಿರುವ ಮನೆ! ಮೂರು ವಾರದ ಹಿಂದೆ ಬೇಜಾರಾಗಿ ಸಿನಿಮಾ ಹುಡುಕಲು ಕೂತೆ. ಯಾವುದನ್ನೋ ಒತ್ತಿದೆ, ನಿಮ್ಮ ಆಟ ತೆರೆದುಕೊಂಡಿತು. ನೀವು ಗಂಟೆಗಟ್ಟಲೆ ಕೂರುತ್ತಿದ್ದಿರಲ್ಲ, ‘ಇಷ್ಟು ವಯಸ್ಸಾಯ್ತು, ಇನ್ನೂ ಬೊಂಬೆ ಆಡಿಸ್ತೀರಲ್ರೀ’ ಅಂತ ನಾನು ಆಡಿಕೊಳ್ಳುತ್ತಿದ್ದೆನಲ್ಲ, ಅದೇ. ನೋಡಿದರೆ ನಮ್ಮದೇ ಮನೆ. ಎರಡು ಕಿಟಕಿ, ಹಸಿರು ಸೋಫಾ, ಕಾಲು ಅಲುಗುವ ಮೇಜು. ಒಳಗೆ ನಾನು! ನೀಲಿ ಯೂನಿಫಾರ್ಮು, ಗಂಟು ಹಾಕಿದ ಕೂದಲು, ಗಲ್ಲದ ಮೇಲಿನ ಮಚ್ಚೆ ಕೂಡ ಬಿಟ್ಟಿಲ್ಲ. ಆದರೆ ನನ್ನ ಸೊಂಟ ಅಷ್ಟು ದಪ್ಪವೇನ್ರೀ? ತಮಗೆ ಮಾತ್ರ ತಲೆತುಂಬ ಕೂದಲು ಬೆಳೆಸಿಕೊಂಡಿದ್ದೀರಿ. ಒಬ್ಬಳೇ ಕೂತು ನಕ್ಕುಬಿಟ್ಟೆ.

ನಗುತ್ತಿರುವಾಗಲೇ ಒಳಗಿನ ಕೋಣೆಯಿಂದ ಆ ಹುಡುಗಿ ಹೊರಗೆ ಬಂದಳು. ಎರಡು ಜಡೆ, ಕೈಯಲ್ಲಿ ಪುಸ್ತಕ. ಯಾರೋ ಪಕ್ಕದ ಮನೆಯವಳಿರಬೇಕು ಅಂದುಕೊಂಡು ತಲೆಯ ಮೇಲೆ ಬರೆದಿದ್ದ ಹೆಸರು ಓದಿದೆ. ಆ ಹೆಸರನ್ನು ನಾನು ಜನ್ಮದಲ್ಲಿ ಒಂದೇ ಸಲ ಬಾಯಿಬಿಟ್ಟು ಹೇಳಿದ್ದು, ಹೆರಿಗೆಗೆ ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ನಿಮ್ಮ ಕಿವಿಯಲ್ಲಿ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮೇಲೆ ನೀವು ಒಂದು ದಿನ ಮೆಲ್ಲಗೆ ‘ಒಂದು ಮಗು ತಂದು ಸಾಕೋಣ್ವಾ’ ಅಂದಿರಿ. ‘ಇನ್ನೊಂದು ಸಲ ಆ ಮಾತು ಎತ್ತಿದ್ರೆ ಮನೆ ಬಿಟ್ಟು ಹೋಗ್ತೀನಿ’ ಅಂದೆ. ನೀವು ಎತ್ತಲಿಲ್ಲ. ಏಳು ವರ್ಷವಾಯಿತು. ಆಟದ ಹುಡುಗಿಗೂ ಏಳು ವರ್ಷ. ನಾನು ಬೊಂಬೆಯಾಟ ಅಂತ ಆಡಿಕೊಳ್ಳುತ್ತಿದ್ದಾಗೆಲ್ಲ ನೀವು ಅಲ್ಲಿ ಕೂತು ಮಗಳನ್ನು ಸಾಕುತ್ತಿದ್ದಿರಿ. ನನ್ನಿಂದ ಮುಚ್ಚಿಟ್ಟು ಸಾಕುತ್ತಿದ್ದಿರಿ.

ಕೋಪ ಬಂತೇ ಅಂದರೆ, ಒಂದು ದಿನ ಬಂತು. ಮರುದಿನ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಕಂಪ್ಯೂಟರ್ ಹಾಕಿದೆ. ಅವಳನ್ನು ಶಾಲೆಗೆ ಕಳಿಸಿದೆ, ಹಲ್ಲುಜ್ಜಿಸಿದೆ, ಪಾಠ ಬರೆಸಿದೆ. ಆಟದೊಳಗಿನವರ ಭಾಷೆ ಒಂದಕ್ಷರ ಅರ್ಥವಾಗುವುದಿಲ್ಲ, ಆದರೂ ಮನೆಯಲ್ಲಿ ಮಾತಿನ ಸದ್ದು ಕೇಳಿ ಎಷ್ಟು ದಿನವಾಗಿತ್ತು! ರಿಸೆಪ್ಷನ್ನಿನಲ್ಲಿ ಕೂರುವ ನಮ್ಮ ‘ಬೀಗದಕೈ’ ಅಕ್ಕನೂ ಇದೇ ಆಟ ಆಡುತ್ತಾಳೆಂದು ಆಗ ತಿಳಿಯಿತು. ಅವಳು ಮ್ಯಾನೇಜರನ್ನು ಆಟದೊಳಗೆ ಮಾಡಿಟ್ಟುಕೊಂಡು ದಿನವಿಡೀ ಕಕ್ಕಸು ತೊಳೆಸುತ್ತಾಳಂತೆ. ‘ಅದಿಲ್ಲದಿದ್ರೆ ನಾನ್ಯಾವತ್ತೋ ರಾಜೀನಾಮೆ ಬಿಸಾಕ್ತಿದ್ದೆ’ ಅಂದಳು. ಬೇರೆಯವರು ಹೇಗೆ ಆಡುತ್ತಾರೆ ಅಂತ ಕೇಳಿದೆ. ಒಬ್ಬೊಬ್ಬರು ಅರಮನೆ ಕಟ್ಟುತ್ತಾರೆ, ಸೇಡು ತೀರಿಸಿಕೊಳ್ಳುವವರೂ ಇದ್ದಾರೆ, ಆದರೆ ಹೆಚ್ಚಿನವರು ತಮಗೆ ಸಿಗದೇ ಹೋದದ್ದನ್ನೇ ಮಾಡಿಟ್ಟುಕೊಳ್ಳುತ್ತಾರೆ ಅಂದಳು. ನಾನು ತಲೆ ಬಗ್ಗಿಸಿಕೊಂಡು ಟವೆಲ್ ಎಣಿಸಿದೆ.

ಇನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ಹೋದ ಭಾನುವಾರ ನನಗೊಂದು ಹುಚ್ಚು ಹತ್ತಿತು. ಆ ಮನೆಯಲ್ಲಿ ಬಟ್ಟೆ ಇಡಲು ಸರಿಯಾದ ಜಾಗವಿಲ್ಲ. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ, ನಿಮಗೆ ಗೊತ್ತಲ್ಲ. ಹೋಟೆಲಿನಲ್ಲಿರುವಂಥದ್ದೇ ದೊಡ್ಡ ಬೀರು ತಂದು ಗೋಡೆಗೆ ಒತ್ತರಿಸಿ ನಿಲ್ಲಿಸಿದೆ. ಅಡುಗೆಮನೆ ಬಾಗಿಲಿಗೆ ಅದು ಅಡ್ಡವಾಗಿದ್ದು ನನಗೆ ಕಾಣಲಿಲ್ಲ. ಆಮೇಲೆ ಆಟದ ಹೊತ್ತನ್ನು ಬೇಗ ಓಡಿಸುವ ಗುಂಡಿ ಒತ್ತಿ, ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಾ ಆಗಾಗ ಕಣ್ಣು ಹಾಯಿಸುತ್ತಿದ್ದೆ. ದೊಡ್ಡವರಿಬ್ಬರೂ ಕೆಲಸದಲ್ಲೇ ಉಂಡು ಬರುತ್ತಿದ್ದರು, ಅವರ ಮುಖದಿಂದ ಏನೂ ತಿಳಿಯಲಿಲ್ಲ. ಮಗು ಬೀರುವಿನ ಮುಂದೆ ನಿಂತು ಎರಡೂ ಕೈ ಎತ್ತಿ ಎತ್ತಿ ಬೀಸುತ್ತಿತ್ತು. ಕುಣೀತಿದ್ದಾಳೆ, ಖುಷಿಯಾಗಿದ್ದಾಳೆ ಅಂದುಕೊಂಡೆ ರೀ. ನಾನೂ ನಕ್ಕೆ. ಅವಳು ಹಸಿದಿದ್ದಳು. ಆಟದ ಲೆಕ್ಕದಲ್ಲಿ ಎರಡು ದಿನ ಹಸಿದಿದ್ದಳು. ಯಾವುದೋ ಇಲಾಖೆಯ ಹೆಂಗಸು ಕಾರಿನಲ್ಲಿ ಬಂದಳು. ‘ಈ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಿಲ್ಲ’ ಅಂತ ಪರದೆಯ ಮೇಲೆ ಬಂತು. ಅವಳು ಮಗುವಿನ ಕೈಹಿಡಿದು ಕರೆದುಕೊಂಡು ಹೋದಳು. ಇಸ್ತ್ರಿ ಪೆಟ್ಟಿಗೆ ಯೂನಿಫಾರ್ಮಿನ ಮೇಲೇ ಉಳಿದು, ಕಾಲರ್ ಸುಟ್ಟಿತು.

ಅದೂ ಸಾಲದು ಅಂತ, ಕಂಪ್ಯೂಟರಿನಲ್ಲಿ ಏನೇ ಮಾಡಿದರೂ ಸೇವ್ ಮಾಡು ಅಂತ ನೀವು ಹೇಳಿಕೊಟ್ಟಿದ್ದಿರಲ್ಲ, ಗಾಬರಿಯಲ್ಲಿ ಅದನ್ನೂ ಮಾಡಿದೆ. ಸೋಮವಾರ ಬೀಗದಕೈ ಅಕ್ಕನ ಹತ್ತಿರ ಓಡಿದೆ. ‘ಅಯ್ಯೋ, ಸೇವ್ ಮಾಡಿಬಿಟ್ಯಾ? ಹಾಗಾದ್ರೆ ಹಳೇದೆಲ್ಲ ಅಳಿಸಿಹೋಯ್ತು, ಮುಗೀತಲ್ಲಮ್ಮಾ’ ಅಂದಳು. ನೀವು ಅಷ್ಟು ವರ್ಷ ಜೋಪಾನ ಮಾಡಿದ್ದನ್ನು ನಾನು ಎರಡು ವಾರದಲ್ಲಿ ಕಳೆದೆ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳಲೂ ನಾಚಿಕೆಯಾಗುತ್ತದೆ.

ಇನ್ನೊಂದು ಹೇಳುತ್ತೇನೆ. ಅವಳನ್ನು ಕರೆದುಕೊಂಡು ಹೋದ ಮೇಲೆ ಆಟದ ನಾನು ಮಂಚದ ಮೇಲೆ ಕೂತು ಅಳುತ್ತಿದ್ದೆ. ಆಟದ ನೀವು ಕೆಲಸದಿಂದ ಬಂದು, ನಾನು ಏನೂ ಒತ್ತದೆಯೇ, ನೇರ ಆ ಕೋಣೆಗೆ ಹೋಗಿ ನಿಂತಿರಿ. ಬೆನ್ನು ಈ ಕಡೆಗಿತ್ತು. ಭುಜ ಅಲುಗುತ್ತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನೀವು ಗೋಡೆ ಕಡೆ ತಿರುಗಿ ನಿಂತಿದ್ದು ನನಗೆ ಆಗ ನೆನಪಾಯಿತು. ಇವರು ಗಂಡಸರು, ಇವರಿಗೇನು, ಅಂತ ಮಲಗಿದ್ದಲ್ಲಿಂದಲೇ ಬೈದುಕೊಂಡಿದ್ದೆ. ನನ್ನ ದುಃಖವನ್ನಷ್ಟೇ ನೋಡಿಕೊಂಡೆ, ನಿಮ್ಮದನ್ನು ಒಂದು ದಿನವೂ ಕೇಳಲಿಲ್ಲ. ಮನೆಯಲ್ಲಿ ಅಳಲು ಜಾಗ ಸಿಗದೆ ನೀವು ಹಡಗು ಹತ್ತಿದಿರೇನೋ ಅಂತ ಈಗ ಅನಿಸುತ್ತದೆ. ಹೌದಾದರೆ ಹೌದು ಅನ್ನಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಂಜಿನ್ ರೂಮಿನ ನಿಮ್ಮ ಸ್ನೇಹಿತರಿಗೆಲ್ಲ ನನ್ನ ನೆನಪು ಹೇಳಿ. ತಣ್ಣೀರಿನಲ್ಲಿ ಸ್ನಾನ ಮಾಡಬೇಡಿ. ಹೊತ್ತು ಹೊತ್ತಿಗೆ ತಿನ್ನಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ಆಟದವಳಿಗಿಂತ ತೆಳ್ಳಗಿರುವ
ನಿಮ್ಮ ಹೆಂಡತಿ

ತಾ.ಕ.: ಕವರ್ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ. ಗುರುವಾರ ಅರ್ಧ ದಿನ ರಜೆ ಹಾಕಿ ಮಕ್ಕಳನ್ನು ದತ್ತು ಕೊಡುವ ಆಫೀಸಿಗೆ ಹೋಗಿದ್ದೆ. ಒಬ್ಬರೇ ಬಂದರೆ ಅರ್ಜಿಯನ್ನೂ ಕೊಡುವುದಿಲ್ಲವಂತೆ, ಗಂಡ ಹೆಂಡತಿ ಇಬ್ಬರೂ ಎದುರು ಕೂರಬೇಕಂತೆ. ಯಾವತ್ತು ಬರುತ್ತೀರಿ ಅಂತ ಕೇಳಿದರು. ನಿಮ್ಮನ್ನು ಕೇಳದೆ ಮುಂದಿನ ತಿಂಗಳ ಇಪ್ಪತ್ತೆರಡು ಅಂದುಬಿಟ್ಟೆ. ನಿಮ್ಮ ಒಪ್ಪಂದ ಅದೇ ತಿಂಗಳ ಹದಿನೈದಕ್ಕೆ ಮುಗಿಯುತ್ತದೆ. ಈ ಸಲ ಕಂಪನಿಯವರು ಕಾಗದ ಮುಂದಿಟ್ಟರೆ ಸಹಿ ಹಾಕಬೇಡಿ. ಮಗು ಬೇಡ ಅನ್ನುವುದಾದರೂ, ಇಲ್ಲಿಗೆ ಬಂದು ಅನ್ನಿ.