ತಣ್ಣಗಿದ್ದಾಗ ಹಠ ಮಾಡುವ ಕ್ಲಚ್

ಲೋ ತಮ್ಮ,

ನಾನು ಗ್ಯಾರೇಜಿಗೆ ಕೆಲಸಕ್ಕೆ ಹೊರಟೆ. ನಿನ್ನೆ ಗೇರ್ ಹಾಕಿದ ಕೂಡಲೇ ಬೈಕು ಎಗರಿ ಮೆಟ್ಟಿಲ ಹತ್ತಿರದ ಹೂಕುಂಡ ಒಡೆಯಿತಲ್ಲ, ನೀನು "ಈ ಬೈಕೇ ಸರಿಯಿಲ್ಲ" ಅಂದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ರಾತ್ರಿಯೆಲ್ಲ ತಣ್ಣಗೆ ನಿಂತರೆ ಆಯಿಲ್ ಗಟ್ಟಿಯಾಗಿ ಕ್ಲಚ್ ಪ್ಲೇಟುಗಳು ಅಂಟಿಕೊಳ್ಳುತ್ತವೆ, ಲಿವರ್ ಒತ್ತಿದರೂ ಬಿಡುವುದಿಲ್ಲ. ಎರಡು ವರ್ಷ ಅದು ನನ್ನ ಕೈಯಲ್ಲಿತ್ತು, ನನಗೆ ಗೊತ್ತು.

ಸ್ಟಾರ್ಟ್ ಮಾಡುವ ಮೊದಲು ಎರಡನೇ ಗೇರಿಗೆ ಹಾಕಿ, ಲಿವರ್ ಒತ್ತಿ ಹಿಡಿದು, ಬೈಕನ್ನು ಹಿಂದೆ ಮುಂದೆ ತಳ್ಳು. ಪ್ಲೇಟುಗಳು ಬಿಟ್ಟುಕೊಂಡರೆ ಸಲೀಸಾಗಿ ಉರುಳುತ್ತದೆ. ಆಮೇಲೆ ನ್ಯೂಟ್ರಲ್‌ನಲ್ಲಿ ಐದು ನಿಮಿಷ ಓಡಲಿ. ಕೇಬಲ್ ಸಡಿಲವಾಗಿತ್ತು, ಬಿಗಿ ಮಾಡಿದ್ದೇನೆ. ನೀನು ಕೈ ಹಾಕಬೇಡ.

ನಾನು ಓಡಿಸುವಾಗ ಅಪ್ಪ ಬಾಗಿಲ ತನಕವೂ ಬರುತ್ತಿರಲಿಲ್ಲ. ನನಗೆ ಕೆಲಸ ಸಿಕ್ಕಿದ್ದೇ ತಡ, "ಇನ್ನು ನಿನಗ್ಯಾಕಮ್ಮ ಬೈಕು, ತಮ್ಮನಿಗೆ ಕೊಡು" ಅಂದರು. ಈಗ ನೋಡಿದರೆ ದಿನಾ ಬೆಳಿಗ್ಗೆ ನಿನ್ನ ರೇಸ್ ಪ್ರಾಕ್ಟೀಸಿನ ಸುತ್ತು ಎಣಿಸೋಕೆ ಸ್ಟಾಪ್‌ವಾಚ್ ಹಿಡಿದು ನಿನ್ನ ಹಿಂದೆಯೇ ಮೈದಾನಕ್ಕೆ ಬರುತ್ತಾರೆ. ಹೊಟ್ಟೆಕಿಚ್ಚು ಅಂತೀಯಾ? ಹೌದು ಕಣೋ, ಹೊಟ್ಟೆ ಉರಿಯುತ್ತದೆ.

ಮೇಲೆ ಬರೆದದ್ದೆಲ್ಲ ನಾಳೆಯಿಂದ. ಇವತ್ತು ಸುಮ್ಮನೆ ಕಿಕ್ ಹೊಡಿ, ಎಂಜಿನ್ ಇನ್ನೂ ಬಿಸಿಯಿದೆ. ನೀವಿಬ್ಬರೂ ಗೊರಕೆ ಹೊಡೆಯುತ್ತಿದ್ದಾಗ ನಾನು ಮೈದಾನದಲ್ಲಿ ಎಂಟು ಸುತ್ತು ಹಾಕಿ ಬಂದೆ.

ಎಷ್ಟು ನಿಮಿಷ ಆಯಿತು ಅಂತ ಅಪ್ಪ ಕೇಳಿದರೆ, ವಾಚ್ ಹಿಡಿಯೋಕೆ ಯಾರೂ ಇರಲಿಲ್ಲವಂತೆ ಅನ್ನು.

ಅಕ್ಕ