ಐನೂರು ಗೊಂಚಲು ನೀರುಳ್ಳಿ

ಸುಚಿತಾ,

ಸೊಸೈಟಿಲಿ ಬೆಳೆಸಾಲದ ಅರ್ಜಿ ತುಂಬೋವಾಗ, "ನಮ್ಮ ನೀರುಳ್ಳಿ ಒಂದೊಂದೂ ತೆಂಗಿನಕಾಯಷ್ಟು, ಐನೂರು ಗೊಂಚಲು ತೂಗಿ ಅಟ್ಟ ಮುರೀತಾ ಉಂಟು" ಅಂದಿದ್ದೆ. ಆ ಗುಮಾಸ್ತ ನಗಲೇ ಇಲ್ಲ ಮಾರಾಯ್ತಿ, ಬರ್ಕೊಂಡ! ಈಗ ಸಾಲಕ್ಕೆ ಐನೂರೂ ಒತ್ತೆ ಅಂತ ಸರ್ಕಾರಿ ದಾಖಲೆ ಆತು. ಮಧ್ಯಾಹ್ನ ಎಣಿಸೋಕೆ ಬರ್ತಾರಂತೆ. ಇರೋದು ನಲವತ್ತು. ಉಳಿದದ್ದು ಕದ್ದು ಮಾರಿದ್ರಿ ಅಂತ ಕೇಸು ಹಾಕಿದ್ರೆ ಎಂತ ಮಾಡೂದು? ಊರಲ್ಲಿ ಯಾರೂ ನಂಬದ ನನ್ನ ಮಾತನ್ನ ಸರ್ಕಾರ ನಂಬಿಬಿಡ್ತಲ್ಲೇ!

ಆ ದಾಖಲೆ ತಿದ್ದಿಸೋಕೆ ಕುಮಟೆ ಆಫೀಸಿಗೆ ಹೊರಟೆ.

ಇವತ್ತು ರಸ್ತೆಬದಿಗೆ ಮಾರೋಕೆ ಒಂದು ಗೊಂಚಲೂ ಒಯ್ಬೇಡ. ಬಂದವರಿಗೆ ಚಾ ಕೊಡು. ದಿನಾ ನಂಗೆ ಬಯ್ಯೋದನ್ನೇ ಅವರ ಎದುರಿಗೂ ಹೇಳು, ನನ್ನ ಗಂಡ ಬರೀ ಬುರುಡೆ ಅಂತ. ಸಾಕ್ಷಿ ಕೇಳಿದ್ರೆ ಹೆದರಬೇಡ, ಊರಿಗೆ ಊರೇ ಬರ್ತದೆ.

ಮಾದೇವ